ಬಲಕ್ಕೆ ತಿರುವು, ಕಾಲೆತ್ತಿ!

ಪುನರ್ವಸು ಮಳೆ ಹಿಡಿದ ಮೂರನೇ ದಿನ ನಮ್ಮ ಕಾರಿನೊಳಗೆ ಅಣಬೆ ಎದ್ದಿತು. ಎಡಗಡೆ ಮುಂದಿನ ಸೀಟಿನ ಕಾಲಡಿ, ಮ್ಯಾಟಿನ ಅಂಚಿಗೆ, ಬೆಳ್ಳಗೆ ಕೊಡೆ ಬಿಚ್ಚಿಕೊಂಡು ಮೂರು. ತೋಟದಲ್ಲಿ ಎದ್ದಿದ್ದರೆ ಪಲ್ಯಕ್ಕೆ ಆಗುವ ಜಾತಿಯೋ ಅಲ್ಲವೋ ಎಂದು ಅಮ್ಮನನ್ನು ಕೇಳುತ್ತಿದ್ದೆ. ಕಾರಿನಲ್ಲಿ ಎದ್ದದ್ದರಿಂದ ಮೆಕ್ಯಾನಿಕ್ಕನ್ನು ಕೇಳಬೇಕಾಯಿತು. ಹೆಂಡತಿ ಯಾರನ್ನೂ ಕೇಳಲಿಲ್ಲ. ಬಗ್ಗಿ ನೋಡಿ, "ಒಂದು ತಿಂಗಳಿಂದ ಬಡ್ಕೋತಿದೀನಿ, ಕಾಲಡಿ ಪಸೆ ಇದೆ ಅಂತ. ಈಗ ಬೆಳೆನೂ ಬಂತು ನೋಡಿ" ಎಂದಳು.

ಕಾರು 2007ರದು. ತೀರಾ ಸಣ್ಣದೂ ಅಲ್ಲ, ದೊಡ್ಡದೂ ಅಲ್ಲ. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಹಲಸಿನಹಣ್ಣು, ಒಂದು ಬಾಳೆಗೊನೆ, ಅಮ್ಮ ಕೊಟ್ಟ ಉಪ್ಪಿನಕಾಯಿ ಭರಣಿ ಎಲ್ಲ ತುಂಬಿಯೂ ಡಿಕ್ಕಿ ಮುಚ್ಚುತ್ತದೆ. ಕಂಪನಿಯ ಹೆಸರು ಹೇಳುವುದಿಲ್ಲ. ಪಾಪ, ಅವರೇ ಈ ಮಾಡೆಲ್ಲನ್ನು ಮರೆತು ಎಷ್ಟೋ ವರ್ಷವಾಯಿತು. ಇದಕ್ಕೆ ಹದಿನೈದು ತುಂಬಿದ್ದು 2022ರ ಜೂನ್‌ನಲ್ಲಿ. ಹದಿನೈದು ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ ಇದ್ದ 600 ರೂಪಾಯಿ ಶುಲ್ಕ 5,000ಕ್ಕೆ ಏರಿದ್ದು ಅದೇ ವರ್ಷದ ಏಪ್ರಿಲ್ 1ಕ್ಕೆ. ನಾನು ಕೊಂಡದ್ದೆಲ್ಲ ಹೀಗೇ, ಎರಡು ತಿಂಗಳು ತಡ. ದುಡ್ಡು ಕಟ್ಟಿ ಐದು ವರ್ಷದ ಆಯುಸ್ಸು ಬರೆಸಿಕೊಂಡು ಬಂದೆ. ಇಷ್ಟು ಕಟ್ಟಿದ ಮೇಲೆ ಮಾರುವುದು ಹೇಗೆ ಎಂಬುದು ನನ್ನ ವಾದ. ಮಾರಿದ್ದರೆ ಇಷ್ಟು ಕಟ್ಟಬೇಕಿತ್ತಾ ಎಂಬುದು ಅವಳ ವಾದ. ಎರಡೂ ಸರಿ ಇರುವುದರಿಂದ ಕಾರು ಮನೆಯಲ್ಲೇ ಉಳಿದಿದೆ.

ಮಳೆಗಾಲದಲ್ಲಿ ಅದು ತರುವ ಸಣ್ಣಪುಟ್ಟ ಕಿರಿಕಿರಿಗಳನ್ನು ನಾನು ಲೆಕ್ಕಕ್ಕೇ ಇಟ್ಟಿಲ್ಲ. ಹಾರನ್ ನೆಗಡಿ ಹಿಡಿದ ಆಡಿನ ಹಾಗೆ ಕೂಗುತ್ತದೆ. ಬಾನೆಟ್ ಒಳಗೆ ಬೆಚ್ಚಗಿರುವ ಜಾಗ ಹುಡುಕಿಕೊಂಡು ಬಂದ ಇಲಿ ಒಂದು ವರ್ಷ ವೈರು ಕಡಿದಿತ್ತು. ಇನ್ನೊಂದು ವರ್ಷ ಊರಿನಿಂದ ಬಂದ, ರಕ್ತ ಹೀರುವ ಇಂಬಳವೊಂದು ಮ್ಯಾಟಿನಡಿ ಸಂಸಾರ ಹೂಡಿ, ಶಿವಮೊಗ್ಗ ಪೇಟೆಯ ನಟ್ಟನಡುವೆ, ಗೋಪಿ ಸರ್ಕಲ್ ಸಿಗ್ನಲ್ಲಿನಲ್ಲಿ ಭಾವನ ಕಾಲು ಹಿಡಿಯಿತು. ಭಾವ ಪಂಚೆ ಮೇಲೆತ್ತಿ ಕುಣಿದದ್ದನ್ನು ಪಕ್ಕದ ಆಟೋದವರು ಈಗಲೂ ಮರೆತಿರಲಾರರು. ಆದರೆ ನೀರಿನ ಮಾತೇ ಬೇರೆ. ನೀರು ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯದು. ಮ್ಯಾಟ್ ತೆಗೆದು ಬಚ್ಚಲೊಲೆಯ ಮೇಲೆ ಒಣಗಿಸಿದೆ. ಕಾರ್ಪೆಟ್ಟಿನಡಿಯ ಸ್ಪಂಜನ್ನು ಹಿಂಡಿದರೆ ಅರ್ಧ ಬಕೆಟ್. ಮಗಳ ಹೇರ್ ಡ್ರೈಯರ್ ಇಟ್ಟೆ. ಹೇರ್ ಡ್ರೈಯರ್ ಸುಟ್ಟಿತು, ಸ್ಪಂಜ್ ಹಾಗೇ ಇತ್ತು. ಒಳಗೆ ಕೂತರೆ ಒದ್ದೆ ಕಂಬಳಿ ಹೊದ್ದು ಕೊಟ್ಟಿಗೆಯಲ್ಲಿ ಮಲಗಿದ ಹಾಗಿನ ವಾಸನೆ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಒಯ್ದೆ. ಮೊದಲನೇ ಮೆಕ್ಯಾನಿಕ್ ಬೆರಳು ಅದ್ದಿ, ಉಜ್ಜಿ, ಮೂಸಿ ನೋಡಿ, "ಏಸಿ ನೀರು ಸಾರ್. ಪೈಪ್ ಬ್ಲಾಕ್" ಎಂದ. ಏಸಿಯೊಳಗೆ ಇಳಿಯುವ ನೀರು ಒಂದು ರಬ್ಬರ್ ಪೈಪಿನಲ್ಲಿ ರಸ್ತೆಗೆ ಬೀಳಬೇಕು, ಅದು ಕಟ್ಟಿದರೆ ಒಳಗೆ ಬೀಳುತ್ತದೆ. ಮಾತು ನ್ಯಾಯವಾಗಿತ್ತು. ಗಾಳಿ ಹೊಡೆದು ಕ್ಲೀನ್ ಮಾಡಿದ, ಮುನ್ನೂರು ರೂಪಾಯಿ. ಎರಡು ದಿನ ಒಂದು ಹನಿ ಇಲ್ಲ. ಅವನ ಕೈಗುಣ ಕೊಂಡಾಡಿದ್ದೇ ಕೊಂಡಾಡಿದ್ದು. ಆ ಎರಡು ದಿನ ಮಳೆಯೂ ಇರಲಿಲ್ಲ ಎಂಬುದು ಮೂರನೇ ದಿನ ಮಳೆ ಬಂದಾಗ ಹೊಳೆಯಿತು. ಅಲ್ಲದೆ, ಆ ತಿಂಗಳಲ್ಲಿ ನಾವು ಏಸಿ ಹಾಕಿದ್ದೇ ಇಲ್ಲ.

ಆ ವಾರವೇ ತೀರ್ಥಹಳ್ಳಿಗೆ ಒಂದು ಗೃಹಪ್ರವೇಶಕ್ಕೆ ಹೊರಟೆವು. ಗಾಜನೂರಿನಲ್ಲಿ ತುಂಗಾ ಅಣೆಕಟ್ಟಿನ ಗೇಟು ಎತ್ತಿದ್ದರು. ಸಕ್ರೆಬೈಲು ದಾಟುವವರೆಗೆ ಕಾರೊಳಗೆ ಶಾಂತಿ ಇತ್ತು. ಮುಂದೆ ಕಾಡಿನ ತಿರುವುಗಳು ಶುರುವಾದದ್ದೇ ಎಲ್ಲೋ ಡ್ಯಾಶ್‌ಬೋರ್ಡಿನ ಹಿಂದೆ 'ಗುಳುಕ್' ಎಂದಿತು. ಬಿಂದಿಗೆ ಹೊತ್ತವಳು ಮೆಟ್ಟಿಲು ಇಳಿಯುವಾಗ ಆಗುತ್ತದಲ್ಲ, ಅದೇ ಸದ್ದು. ಮರುಗಳಿಗೆ ಹೆಂಡತಿ ಚಿಟ್ಟನೆ ಕಿರುಚಿದಳು. ರೇಷ್ಮೆ ಸೀರೆಯ ಅಂಚು ಒದ್ದೆ. ನಾಲ್ಕು ತಿರುವು ಆದ ಮೇಲೆ ಅವಳು ಸುಮ್ಮನಾದಳು. ಐದನೆಯದಕ್ಕೆ ನಾನು ಸ್ಟೀರಿಂಗ್ ಬಲಕ್ಕೆ ತಿರುಗಿಸುವ ಮೊದಲೇ ಎರಡೂ ಕಾಲು ಎತ್ತಿ ಸೀಟಿನ ಮೇಲಿಟ್ಟಳು. ನೀರು ಬಿತ್ತು. ಕಾಲು ಇಳಿಸಿದಳು. ಎಡ ತಿರುವಿಗೆ ಹಾಗೇ ಕೂತಿದ್ದಳು. ಬೀಳಲಿಲ್ಲ.

"ರೀ, ಬಲಕ್ಕೆ ತಿರುಗಿಸಿದ್ರೆ ಮಾತ್ರ ಬೀಳುತ್ತೆ."

"ಹಾಗೆಲ್ಲ ಇರಲ್ಲ ಕಣೇ. ನೀರಿಗೇನು ಎಡ ಬಲ ಗೊತ್ತಾ?"

ಇಂಜಿನಿಯರಿಂಗ್ ಓದಿದವನು ನಾನು. ಬಿ.ಎ. ಕನ್ನಡ ಮಾಡಿದವಳು ಅವಳು. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟಿ ಕೂತಿದ್ದವು. "ಅವಕ್ಕಾದ್ರೂ ನೀರಿಂದ ಮೇಲೆ ಕೂರೋಕೆ ಒಂದು ಕೊಂಬೆ ಇದೆ" ಎಂದಷ್ಟೇ ಹೇಳಿ, ಮುಂದಿನ ಬಲ ತಿರುವಿಗೆ ಕಾಲೆತ್ತಿದಳು. ಅವಳ ತವರು ಆಗುಂಬೆ ಘಾಟಿ ಇಳಿದ ಮೇಲೆ, ಸೋಮೇಶ್ವರದ ಹತ್ತಿರ. ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. "ಅದರಲ್ಲಿ ಏಳಾದ್ರೂ ನನ್ನ ಕಾಲ ಮೇಲೇ. ಇದು ಸರಿಯಾಗೋವರೆಗೆ ತವರಿಗೆ ಬಸ್ಸಲ್ಲೇ ಹೋಗ್ತೀನಿ" ಎಂದು ಬೇರೆ ಹೇಳಿದಳು.

ಎರಡನೆಯವನು ಗ್ಲಾಸ್ ಕೆಲಸದವನು. ಎದುರುಗಾಜಿನ ಸುತ್ತ ಉಗುರಿನಿಂದ ಗೀರಿ, "ಬೀಡಿಂಗ್ ಹೋಗಿದೆ ಸಾರ್, ಹಳೇದಾಯ್ತಲ್ಲ" ಎಂದ. ಹಳೇದಾಯ್ತಲ್ಲ ಎನ್ನುವ ಮಾತಿಗೆ ಎದುರು ಹೇಳುವುದಕ್ಕೆ ಏನೂ ಇರುವುದಿಲ್ಲ. ಗಾಜಿನ ಅಂಚಿಗೆಲ್ಲ ಕಪ್ಪು ಸೀಲೆಂಟ್ ಬಳಿದು ಸಾವಿರದ ಇನ್ನೂರು ತಗೊಂಡ. ಹೊರಡುವಾಗ ಹೇಳಿದ: "ಇಪ್ಪತ್ನಾಲ್ಕು ಗಂಟೆ ನೀರು ತಾಗಿಸಬೇಡಿ."

ನಾನು ಅವನ ಮುಖ ನೋಡಿದೆ. ಅವನು ಆಕಾಶ ನೋಡಿದ. ಪುಷ್ಯ ಮಳೆ, ಬೆಳಗಿನಿಂದ ಒಂದೇ ಸಮ ಸುರಿಯುತ್ತಿತ್ತು.

ಇಪ್ಪತ್ನಾಲ್ಕು ಗಂಟೆ ಕಾರಿಗೆ ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಕಟ್ಟಿ, ರಾತ್ರಿ ಎರಡು ಸಲ ಎದ್ದು ಟಾರ್ಚು ಬಿಟ್ಟು ನೋಡಿದೆ. ಮಗಳು ಹುಟ್ಟಿದಾಗಲೂ ನೀವು ಇಷ್ಟು ಸಲ ಎದ್ದಿಲ್ಲ ಎಂದು ಒಳಗಿನಿಂದ ಧ್ವನಿ ಬಂತು. ಮರುದಿನ ಟಾರ್ಪಾಲು ತೆಗೆದು, ವಿನೋಬನಗರದಿಂದ ಗಾಂಧಿ ಬಜಾರಿಗೆ ಹೋಗಿ ಬರುವಷ್ಟರಲ್ಲಿ ಕಾಲಡಿ ಮತ್ತೆ ಕೆರೆ.

ಮೂರನೆಯವರು ಹಿರಿಯರು. ಕಾರು ಮುಟ್ಟಲೇ ಇಲ್ಲ, ಬೀಡಿ ಸೇದುತ್ತ ದೂರದಿಂದಲೇ ನೋಡಿ, "ಹೀಟರ್ ಕಾಯಿಲ್" ಎಂದರು. ಇಂಜಿನ್ನಿನ ಬಿಸಿ ಕೂಲೆಂಟ್ ಆ ಕಾಯಿಲ್ ಮೂಲಕ ಹರಿಯುತ್ತದೆ, ಅದು ತೂತಾದರೆ ಡ್ಯಾಶ್‌ಬೋರ್ಡಿನಡಿ ಸೋರುತ್ತದೆ. ಕೂಲೆಂಟ್ ಆದರೆ ಬಣ್ಣ ಇರಬೇಕಲ್ಲ, ಅಂಟು ಇರಬೇಕಲ್ಲ ಎಂದೆ. "ನೀವು ರೇಡಿಯೇಟರಿಗೆ ಬರೀ ನೀರು ಹಾಕಿರ್ತೀರಿ" ಎಂದರು. ಹೌದು, ಹಾಕಿದ್ದೆ. ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದೆ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಪಾರ್ಟ್ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರಬೇಕು, ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಪುಣ್ಯ. ಎರಡು ಸಾವಿರ ಅಡ್ವಾನ್ಸ್. ಡ್ಯಾಶ್‌ಬೋರ್ಡ್ ಬಿಚ್ಚುವುದು ಎಂದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡ್ ಮತ್ತೆಂದೂ ಬಾಯಿ ಮುಚ್ಚುವುದಿಲ್ಲ. ಪ್ರತಿ ಸಲವೂ ನಾಲ್ಕು ಸ್ಕ್ರೂ ಮಿಗುತ್ತವೆ, 'ಅದು ಬೇಡ ಸಾರ್, ಎಕ್ಸ್‌ಟ್ರಾ' ಎನ್ನುತ್ತಾರೆ.

ಪಾರ್ಟ್ ಬರುವ ಮೊದಲೇ ನಾಗರ ಪಂಚಮಿ ಬಂತು. ಊರಿಗೆ ಹೋದೆವು. ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಅಪ್ಪಯ್ಯ ಕೊಪ್ಪೆ ಹಾಕಿಕೊಂಡು, ಕೊಟ್ಟಿಗೆ ಸೂರಿನ ನೀರು ಹರಿಸುವ ಅಡಿಕೆ ದಬ್ಬೆಯ ದೋಣಿಯಲ್ಲಿ ಸಿಕ್ಕಿದ್ದ ಕಸವನ್ನು ಗಳುವಿನಿಂದ ತಳ್ಳುತ್ತಿದ್ದ. ಸೊಸೆ ಸೀರೆ ಎತ್ತಿ ಹಿಡಿದು ಇಳಿದದ್ದು, ಅವಳ ಚಪ್ಪಲಿಯಿಂದ ನೀರು ಸುರಿದದ್ದು ನೋಡಿ ಗಳು ಕೆಳಗಿಟ್ಟ.

"ಎಂತ ಆಯ್ತೇ?"

"ಬಲಕ್ಕೆ ತಿರುಗಿದ್ರೆ ನನ್ನ ಮೇಲೆ ನೀರು ಬೀಳತ್ತೆ ಮಾವ. ಇವರು ನಂಬಲ್ಲ."

ಅಪ್ಪಯ್ಯ ನಂಬಿದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನ್ನ ಮುಂದೆ ನಿಂತು, "ಈ ಗಾಜಿನ ಮೇಲೆ ಬೀಳೋ ನೀರು ಎಲ್ಲಿಗೆ ಹೋಗತ್ತೋ?" ಎಂದ.

"ಕೆಳಗೆ."

"ಕೆಳಗೆ ಅಂದ್ರೆ ಎಲ್ಲಿಂದ?"

ಹದಿನೇಳು ವರ್ಷದಿಂದ ಈ ಕಾರಿದೆ ನನ್ನ ಹತ್ತಿರ. ಒಂದು ದಿನವೂ ಈ ಪ್ರಶ್ನೆ ಬಂದಿರಲಿಲ್ಲ. ಬಾನೆಟ್ ಎತ್ತಿದೆ. ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಕಪ್ಪು ಪ್ಲಾಸ್ಟಿಕ್ಕಿನ ಜಾಲರಿ. ಅದರ ಕೆಳಗೆ ಅಗಲಕ್ಕೂ ತಗಡಿನ ಒಂದು ಕಾಲುವೆ. ಎರಡು ತುದಿಗೂ ನೀರು ಇಳಿಯುವ ಕಂಡಿ. ಆ ಕಾಲುವೆಯಲ್ಲೇ ಎಡಗಡೆಗೆ, ಒಳಗೆ ಗಾಳಿ ಊದುವ ಬ್ಲೋವರಿನ ಬಾಯಿ. "ದೋಣಿ ಕಟ್ಟಿದೆ ಕಣೋ" ಎಂದ ಅಪ್ಪಯ್ಯ. ಹಿಡಿ ಪೊರಕೆಯಿಂದ ಒಂದು ಕಡ್ಡಿ ಮುರಿದು ತರಿಸಿ ಮೂಲೆಗೆ ಚುಚ್ಚಿದ. ಆಮೇಲೆ ಜಾಲರಿಯ ಅಂಚು ಎಬ್ಬಿಸಿ ಎರಡು ಬೆರಳು ಹಾಕಿದ. ಮನೆ ಎದುರಿನ ಗುಲ್‌ಮೊಹರ್ ಮರ ಮೇ ತಿಂಗಳಲ್ಲಿ ಉದುರಿಸಿದ ಎಸಳು, ಸಾಸಿವೆಯಷ್ಟು ಸಣ್ಣ ಸಣ್ಣ ಎಲೆ, ಎಲ್ಲ ಕೊಳೆತು ಒಳ್ಳೆ ಗೊಬ್ಬರವಾಗಿ ಮುದ್ದೆ ಮುದ್ದೆಯಾಗಿ ಬಂತು. ಒಂದು ಎರೆಹುಳ ಬಂತು. ಎರಡೆಲೆಯ ಒಂದು ಸಸಿಯೂ ಬಂತು. ಅದನ್ನು ಅಪ್ಪಯ್ಯ ಬೇರು ಮುರಿಯದಂತೆ ಪಕ್ಕಕ್ಕಿಟ್ಟ. ಕೊನೆಗೆ 'ಗೊಳಕ್' ಎಂದು, ಎಡಗಡೆಯ ಚಕ್ರದ ಹಿಂದಿನಿಂದ ಧೋ ಎಂದು ನೀರು ಅಂಗಳಕ್ಕೆ ಇಳಿಯಿತು. ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಬಂತು. ಹೆಂಡತಿ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಲಕ್ಕೆ ತಿರುಗಿದರೆ ಕಾಲುವೆಯ ನೀರೆಲ್ಲ ಎಡಕ್ಕೆ ಒತ್ತರಿಸಿ ಬ್ಲೋವರಿನ ಬಾಯಿಗೆ ತುಳುಕುತ್ತಿತ್ತು, ಅಲ್ಲಿಂದ ನೇರ ಅವಳ ಕಾಲಿಗೆ. ಇದನ್ನು ನಾನು ಮಗಳಿಗೆ ಕೇಂದ್ರಾಪಗಾಮಿ ಬಲ ಎಂದೆಲ್ಲ ವಿವರಿಸಲು ಹೊರಟೆ. ಅಪ್ಪಯ್ಯ ಕೈ ತೊಳೆದುಕೊಳ್ಳುತ್ತ ಕೇಳಿದ, "ಎಷ್ಟು ಜನಕ್ಕೆ ತೋರಿಸಿದ್ದೆ?"

"ಮೂರು ಜನಕ್ಕೆ."

"ಮೂವರದ್ದೂ ತಾರಸಿ ಮನೆ ಇರಬೇಕು" ಎಂದು ಗಳು ಎತ್ತಿಕೊಂಡು ಕೊಟ್ಟಿಗೆ ಕಡೆ ಹೋದ.

ಪಂಚಮಿಯ ಅರಿಶಿನದೆಲೆ ಕಡುಬು ಕಟ್ಟಿಸಿಕೊಂಡು, ಪ್ಲಾಸ್ಟಿಕ್ ಲೋಟದಲ್ಲಿ ಆ ಗುಲ್‌ಮೊಹರ್ ಸಸಿಯನ್ನೂ ಇಟ್ಟುಕೊಂಡು ಮರುದಿನ ವಾಪಸ್ ಹೊರಟೆವು. ಮಳೆ ಹೊಯ್ಯುತ್ತಲೇ ಇತ್ತು. ಕಾಲಡಿ ಒಣಗಿತ್ತು. ಮಂಡಗದ್ದೆ ಹತ್ತಿರ ನನ್ನ ಫೋನ್ ಬಡಿದುಕೊಂಡಿತು. ಹೆಂಡತಿ ಎತ್ತಿ ಸ್ಪೀಕರಿಗೆ ಹಾಕಿದಳು.

"ಸಾರ್, ನಿಮ್ಮ ಹೀಟರ್ ಕಾಯಿಲ್ ಬಸ್ಸಿಗೆ ಬಂದಿದೆ. ಬಾಕಿ ಮೂರು ಸಾವಿರದ ಐನೂರು. ಗಾಡಿ ಯಾವಾಗ ತರ್ತೀರಿ?"

"ಒಂದ್ನಿಮಿಷ ಇರಿ" ಎಂದು ಫೋನನ್ನು ಎದೆಗೆ ಅವುಚಿಕೊಂಡಳು. ಎದುರಿಗೆ ಬಲಕ್ಕೆ ತಿರುವು ಬಂದಿತ್ತು. ಎರಡೂ ಕಾಲೆತ್ತಿ ಸೀಟಿನ ಮೇಲಿಟ್ಟು, ತಿರುವು ಮುಗಿದ ಮೇಲೆ ಇಳಿಸಿ, "ಹಾಂ, ಈಗ ಹೇಳಿ" ಎಂದಳು.