ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್ ಸ್ಕ್ಯಾನ್ ನೋಡಿ ಶ್ವಾಸಕೋಶದ ರೋಗ ಹೇಳಿಬಿಡಬಹುದಾ?

ಪರ: ಪ್ರೋಬ್ ಇಡಿ, ಕಾಯಬೇಡಿ

ಸಿಟಿ ಮಾಡಿಸಿ ರಿಪೋರ್ಟ್ ಬರಲಿ ಅನ್ನುವವರಿಗೆ ನನ್ನದೊಂದೇ ಪ್ರಶ್ನೆ. ವೆಂಟಿಲೇಟರ್, ಇನ್‌ಫ್ಯೂಷನ್ ಪಂಪುಗಳ ಸಮೇತ ಐಸಿಯು ಮಂಚವನ್ನು ಲಿಫ್ಟಿನೊಳಗೆ ನೂಕಿಕೊಂಡು ಹೋಗಿದ್ದೀರಾ? ಅಲ್ಟ್ರಾಸೌಂಡ್ ಯಂತ್ರದ ಕೈಯಲ್ಲಿ ಹಿಡಿಯುವ ಭಾಗ, ಅಂದರೆ ಪ್ರೋಬ್, ಎದೆ ಮೇಲಿಟ್ಟರೆ ಮೂರು ನಿಮಿಷದಲ್ಲಿ ದಾರಿ ಸಿಗುತ್ತದೆ. ವಿಕಿರಣದ ಭಯವಿಲ್ಲ, ಬೇಕಾದಷ್ಟು ಸಲ ನೋಡಬಹುದು.

ಶ್ವಾಸಕೋಶದ ತುಂಬ ಗಾಳಿ, ಒಳಗಿನದೇನೂ ಕಾಣಲ್ಲ, ನಿಜ. ಆದರೆ ಎರಡು ಪಕ್ಕೆಲುಬಿನ ನಡುವೆ ಪ್ಲೂರಾದ (ಶ್ವಾಸಕೋಶದ ಹೊದಿಕೆಯ) ಹೊಳೆಯುವ ಗೆರೆ ಕಾಣುತ್ತದೆ, ಉಸಿರಾಡಿದಂತೆಲ್ಲ ಅದು ಅತ್ತಿತ್ತ ಜಾರುತ್ತದೆ. ಅದರ ಕೆಳಗೆ ಸಮ ಅಂತರದಲ್ಲಿ ಅಡ್ಡ ಗೆರೆಗಳಿದ್ದರೆ ಎ-ಲೈನ್. ಗೆರೆಗಳು ಪ್ಲೂರಾದಿಂದ ಸ್ಕ್ರೀನಿನ ತಳದವರೆಗೂ ನೇರ ಇಳಿದು ಎ-ಲೈನ್‌ಗಳನ್ನು ಅಳಿಸುತ್ತಾ ಹೋದರೆ ಬಿ-ಲೈನ್. ಪಕ್ಕೆಲುಬಿನ ಒಂದೇ ಸಂದಿಯಲ್ಲಿ ಬಿ-ಲೈನ್ ಮೂರು ಅಥವಾ ಜಾಸ್ತಿ ಇದ್ದರೆ ಏನೋ ಸರಿಯಿಲ್ಲ. ಎರಡೂ ಕಡೆ ಹಾಗೇ ಇದ್ದರೆ ಮೊದಲು ಶ್ವಾಸಕೋಶದಲ್ಲಿ ನೀರು ತುಂಬಿದೆಯಾ ಅಂತ ಯೋಚಿಸಿ. ಕಷ್ಟ ಏನಿದೆ?

ಒಂದು ರಾತ್ರಿ ವೆಂಟಿಲೇಟರ್ ರೋಗಿಯೊಬ್ಬರ ಆಕ್ಸಿಜನ್ ಸರ್ರನೆ ಇಳಿಯಿತು. "ಎಡಗಡೆ ಸದ್ದೇ ಇಲ್ಲ ಸರ್, ನ್ಯೂಮೋಥೊರಾಕ್ಸ್, ಸೂಜಿ ಹಾಕ್ತೀನಿ" ಅಂತ ಡ್ಯೂಟಿ ಡಾಕ್ಟರ್ ಸೂಜಿ ಹಿಡಿದೇ ನಿಂತಿದ್ದರು. ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ಗಾಳಿ ಸೇರಿಕೊಂಡಿದೆ ಅಂತ ಅವರ ಅನುಮಾನ. ಪ್ರೋಬ್ ಇಟ್ಟೆ. ಎಡಗಡೆ ಪ್ಲೂರಾ ಜಾರುತ್ತಿರಲಿಲ್ಲ. ಆದರೆ ಕೈ ಅಲ್ಲಾಡಿಸದೆ ಹಿಡಿದು ನೋಡಿದರೆ ಆ ಗೆರೆ ಹೃದಯದ ಬಡಿತಕ್ಕೆ ಸರಿಯಾಗಿ ಸಣ್ಣಗೆ ಮಿಡಿಯುತ್ತಿತ್ತು. ಅದೇ ಲಂಗ್ ಪಲ್ಸ್. ನಡುವೆ ಗಾಳಿ ಸೇರಿಕೊಂಡಿದ್ದರೆ ಆ ಮಿಡಿತ ಕಾಣುವ ಹಾಗೇ ಇಲ್ಲ. ಅಂದರೆ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡೇ ಇದೆ, ಅದಕ್ಕೆ ಗಾಳಿ ಹೋಗುತ್ತಿಲ್ಲ ಅಷ್ಟೆ. ಟ್ಯೂಬ್ ಜಾಸ್ತಿ ಆಳಕ್ಕಿಳಿದು ಬಲಗಡೆಯ ನಾಳಕ್ಕೆ ಸೇರಿಕೊಂಡಿತ್ತು. ಸ್ವಲ್ಪ ಹಿಂದಕ್ಕೆಳೆದೆವು, ಎಡಗಡೆ ಜಾರಾಟ ಶುರುವಾಯಿತು, ಸೂಜಿ ವಾಪಸ್ ಟ್ರೇಗೆ ಹೋಯಿತು. ಎಕ್ಸ್‌ರೇ ಬಂದದ್ದು ಎಲ್ಲ ಮುಗಿದ ಮೇಲೆ.

ನೋಡುವವರ ಮೇಲೆ ನಿಂತಿದೆ, ಒಬ್ಬೊಬ್ಬರಿಗೆ ಒಂದೊಂದು ಕಾಣುತ್ತದೆ ಅಂತ ರಾಗ ಎಳೆಯುತ್ತಾರೆ. ಹಾಗಾದರೆ ಸ್ಟೆತಸ್ಕೋಪನ್ನೂ ಬಿಸಾಕಿ! ಡೇನಿಯಲ್ ಲಿಕ್ಟೆನ್‌ಸ್ಟೈನ್ 2008ರಲ್ಲಿ ಪ್ರಕಟಿಸಿದ ಬ್ಲೂ ಪ್ರೋಟೊಕಾಲ್ (ಶ್ವಾಸಕೋಶದ ಅಲ್ಟ್ರಾಸೌಂಡ್ ಅನ್ನು ಹಂತಹಂತವಾಗಿ ನೋಡುವ ಕ್ರಮ) ಉಸಿರಾಟದ ತುರ್ತಿನಲ್ಲಿದ್ದ 260 ಜನರಲ್ಲಿ ಶೇ. 90.5ರಷ್ಟು ಮಂದಿಯ ರೋಗವನ್ನು ಸರಿಯಾಗಿ ಹೇಳಿತ್ತು. ಇನ್ನೇನು ಬೇಕು?

ವಿರೋಧ: ಅಷ್ಟು ಅವಸರ ಯಾಕೆ?

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ನಮ್ಮ ಮನೇಲಿ ಯಾರಿಗಾದರೂ ಉಸಿರು ಕಟ್ಟಿದರೆ ಮೊದಲು ಪ್ರೋಬ್ ಇಡಿ ಅಂತ ಹೇಳುವವಳು ನಾನೇ, ಅದಿರಲಿ. ತಕರಾರಿರುವುದು ಆ ಮೂರು ನಿಮಿಷದ ಬಗ್ಗೆ.

ಬಿ-ಲೈನ್ ಕಂಡ ಕೂಡಲೇ ನೀರು ಇಳಿಸುವ ಇಂಜೆಕ್ಷನ್ ಕೊಡುವವರಿದ್ದಾರೆ. ಬಿ-ಲೈನ್ ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್‌ನಲ್ಲೂ ಬರುತ್ತದೆ, ವೈರಲ್ ನ್ಯುಮೋನಿಯಾದಲ್ಲೂ, ಶ್ವಾಸಕೋಶ ಉರಿಯೂತದಿಂದ ಹಠಾತ್ತನೆ ಕೈಕೊಡುವ ಎಆರ್‌ಡಿಎಸ್‌ನಲ್ಲೂ. ಪ್ಲೂರಾದ ಗೆರೆ ನುಣ್ಣಗಿದೆಯಾ, ಒರಟಾಗಿ ಅಲ್ಲಲ್ಲಿ ತುಂಡಾಗಿದೆಯಾ, ನಡುನಡುವೆ ಚೆನ್ನಾಗಿರುವ ಜಾಗ ಉಳಿದಿದೆಯಾ ಅಂತೆಲ್ಲ ನೋಡಬೇಕು. ಸುಮ್ನೆ ಗೆರೆ ಎಣಿಸಿದರೆ ಆಗಲ್ಲ. ಯಂತ್ರದ ಸೆಟ್ಟಿಂಗ್ ಬೇರೆ ಇದೆ. ಹೊಟ್ಟೆಯ ಚಿತ್ರ ಚೆನ್ನಾಗಿ ಬರಲಿ ಅಂತ ಇಟ್ಟಿರುವ ಕಾಂಪೌಂಡಿಂಗ್ (ಹಲವು ಕೋನಗಳ ಚಿತ್ರ ಸೇರಿಸಿ ಒಂದು ಮಾಡುವುದು) ಈ ಗೆರೆಗಳನ್ನೇ ಮಸುಕು ಮಾಡುತ್ತದೆ, ಅದನ್ನು ಆಫ್ ಮಾಡದೆ ಎಣಿಸುವವರನ್ನು ನೋಡಿದ್ದೇನೆ.

ಪ್ಲೂರಾ ಮುಟ್ಟದ ಗಡ್ಡೆಯಾಗಲಿ ನ್ಯುಮೋನಿಯಾ ಆಗಲಿ ಸ್ಕ್ರೀನಿಗೆ ಬರುವುದೇ ಇಲ್ಲ, ನಡುವೆ ಗಾಳಿ ಇರುತ್ತಲ್ಲ. ಎ-ಲೈನ್ ಇದೆ, ಜಾರಾಟವೂ ಇದೆ, "ಲಂಗ್ಸ್ ಕ್ಲಿಯರ್" ಅಂತ ಬರೆದಿಟ್ಟ ರೋಗಿಗೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು.

ಲಂಗ್ ಪಲ್ಸ್ ಕಥೆ ಚೆನ್ನಾಗಿದೆ. ಕ್ಲಿಪ್ ಸೇವ್ ಮಾಡಿದ್ದರಾ? ಎಕ್ಸ್‌ರೇ ಆದರೆ ಮಾರನೇ ದಿನ ಇನ್ನೊಬ್ಬರು ತೆಗೆದು ನೋಡಿ ಬೈಯಬಹುದು.

ಇನ್ನು ಆ 90.5. ಅದನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಆ ಅಧ್ಯಯನದಲ್ಲಿ ಮೊದಲಿಗಿದ್ದವರು 301 ಜನ. ರೋಗವೇ ಗೊತ್ತಾಗದವರು, ಒಂದಕ್ಕಿಂತ ಹೆಚ್ಚು ಕಾಯಿಲೆ ಇದ್ದವರು, ಅಪರೂಪದ ಕಾಯಿಲೆಯವರು, ಹೀಗೆ 41 ಜನರನ್ನು ಲೆಕ್ಕದಿಂದ ಬಿಟ್ಟರು. ನನಗೆ ದಿನಾ ಸಿಗುವವರು ಹೆಚ್ಚಾಗಿ ಆ 41ರ ಬಳಗದವರೇ. ಹೃದಯವೂ ಸರಿಯಿಲ್ಲ, ಸಿಒಪಿಡಿ ಅನ್ನುವ ಶ್ವಾಸನಾಳದ ಹಳೇ ಕಾಯಿಲೆಯೂ ಇದೆ, ಮೇಲೆ ಜ್ವರ ಬೇರೆ.