ಹೆಗಡೆಯ ಸ್ಪೆಲ್ಲಿಂಗು, ಆಷಾಢದ ಬೂಷ್ಟು

ಶಿರಸಿ ಸೀಮೆಯಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕುವವರು ಯಾವ ದೇಶಕ್ಕೆ ಹೋಗಬೇಕೆಂದು ಆಮೇಲೆ ಯೋಚಿಸಿದರಾಯಿತು. ತಾವು ಯಾವ ಹೆಗಡೆ ಎಂಬುದು ಮೊದಲು ತೀರ್ಮಾನವಾಗಬೇಕು. ಇಂಗ್ಲಿಷಿನಲ್ಲಿ ಜಿ ಆದಮೇಲೆ ಎ ಹಾಕುವ ಹೆಗಡೆಯೋ, ಹಾಕದ ಹೆಗಡೆಯೋ? ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹೆಡ್‌ಮಾಸ್ತರು ಒಂದು ಬರೆಸಿರುತ್ತಾರೆ, ಆಧಾರ್ ಮಾಡಿಕೊಟ್ಟ ಹುಡುಗ ಇನ್ನೊಂದು. ಪ್ಯಾನ್ ಕಾರ್ಡಿನದು ಮೂರನೇ ಪಂಗಡ. ಭಟ್ಟರಿಗೆ ಟಿ ಒಂದೋ ಎರಡೋ, ನಾಯ್ಕರಿಗೆ ಐಯೋ ವೈಯೋ ಎಂಬ ತಕರಾರೂ ಹೀಗೇ. ಊಟಕ್ಕೆ ಕರೆಯುವಾಗ ಯಾರೂ ಸ್ಪೆಲ್ಲಿಂಗ್ ಕೇಳುವುದಿಲ್ಲ, ಕೌಂಟರಿನಲ್ಲಿ ಅದೊಂದನ್ನೇ ಕೇಳುತ್ತಾರೆ.

ಅಂಕಪಟ್ಟಿ ತಿದ್ದಿಸಲು ಶಾಲೆ, ಮಂಡಳಿ ಎಂದು ಚಪ್ಪಲಿ ಸವೆಸಬೇಕು. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಆದ್ದರಿಂದ ಅಂಕಪಟ್ಟಿಯನ್ನು ಹಿರಿಯಣ್ಣನೆಂದು ಒಪ್ಪಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಲೇಸು. ‘ಜಿ. ಎಸ್.’ ಎಂಬ ಇನಿಷಿಯಲ್ ನಡೆಯುವುದಿಲ್ಲ, ಗಣಪತಿ ಸುಬ್ರಾಯ ಎಂದು ಬಿಡಿಸಿಯೇ ಬರೆಯಬೇಕು. ಅಡ್ಡಹೆಸರಿನ ಕಾಲಮ್ಮನ್ನು ಖಾಲಿ ಬಿಟ್ಟರೆ ಪಾಸ್‌ಪೋರ್ಟ್ ಸಿಗುತ್ತದೆ, ಆದರೆ 2022ರ ನವೆಂಬರಿನಿಂದ ಯುಎಇ ಒಂಟಿ ಹೆಸರಿನವರ ಪ್ರವಾಸಿ ವೀಸಾಕ್ಕೆ ಮೂಗು ಮುರಿಯುತ್ತಿದೆ. ಹತ್ತನೇ ತರಗತಿ ಪಾಸಾದ ದಾಖಲೆಯೂ ಇಲ್ಲ, ಬೇರೆ ವಿನಾಯಿತಿಯೂ ಇಲ್ಲ ಎಂದರೆ ಪಾಸ್‌ಪೋರ್ಟಿನ ಒಳಗೆ ಇಸಿಆರ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ವಲಸೆ ಅನುಮತಿ ಬೇಕು) ಎಂದು ಅಚ್ಚಾಗುತ್ತದೆ. ಭಟ್ಕಳದಿಂದ ಗಲ್ಫಿಗೆ ಕೆಲಸಕ್ಕೆ ಹೊರಟವರನ್ನು ವಿಮಾನ ನಿಲ್ದಾಣದಲ್ಲಿ ಹಿಡಿದು ನಿಲ್ಲಿಸುವುದು ಈ ಮೂರಕ್ಷರವೇ.

36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ತತ್ಕಾಲ್ ಬೇಕೆಂದರೆ ಮೇಲೆ 2,000. ಹಣ ಕಟ್ಟುವ ಮೊದಲು ಜಾಲತಾಣದ ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ನೋಡಿ. ನಕಲಿ ತಾಣಗಳು ಅಸಲಿಗಿಂತ ಚಂದ ಇರುತ್ತವೆ.

ಹುಬ್ಬಳ್ಳಿ ಕೇಂದ್ರದಲ್ಲಿ ಬೆಳಗ್ಗೆಯೇ ಅಪಾಯಿಂಟ್‌ಮೆಂಟ್ ಸಿಕ್ಕರೆ ಕಾರವಾರದವರು ಹಿಂದಿನ ದಿನವೇ ಹೊರಡುವುದು ಕ್ಷೇಮ, ಅರಬೈಲ್ ಘಟ್ಟದಲ್ಲಿ ಮಗುಚಿದ ಲಾರಿಗೆ ನಿಮ್ಮ ಅಪಾಯಿಂಟ್‌ಮೆಂಟ್ ಗೊತ್ತಿರುವುದಿಲ್ಲ. ಒಳಗೆ ಎ, ಬಿ, ಸಿ ಎಂದು ಮೂರು ಹಂತ. ಫೋಟೊ, ಬೆರಳಚ್ಚು ಎರಡೂ ಎ ಕೌಂಟರಿನಲ್ಲೇ. ಫೋಟೊದ ಹಿನ್ನೆಲೆ ಬಿಳಿ. ಒಳ್ಳೆಯ ಕೆಲಸಕ್ಕೆ ಹೊರಟಿದ್ದೇವೆಂದು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದವರ ರುಂಡ ಮಾತ್ರ ಮೂಡಿಬರುತ್ತದೆ. ಗಾಢ ಬಣ್ಣದ ಅಂಗಿ ಇರಲಿ. ಎಲೆಅಡಿಕೆಯ ಕವಳ ಹೊರಗೇ ಮುಗಿಯಲಿ: ಫೋಟೊಕ್ಕೆ ಬಾಯಿ ಮುಚ್ಚಿರಬೇಕು ನಿಜ, ಆದರೆ ಅದಕ್ಕೂ ಮೊದಲು ಹೆಸರು ಕೇಳುತ್ತಾರೆ. ವರ್ಷಗಟ್ಟಲೆ ಅಡಿಕೆ ಸುಲಿದವರ, ಬಲೆ ಎಳೆದವರ ಬೆರಳಲ್ಲಿ ಗೆರೆಗಳೇ ಸವೆದಿರುತ್ತವೆ. ಯಂತ್ರ ‘ಮತ್ತೊಮ್ಮೆ’ ಎನ್ನುತ್ತಲೇ ಇರುತ್ತದೆ. ನಾಲ್ಕು ದಿನ ಮೊದಲಿನಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಅಂದು ಬೆರಳನ್ನು ಚೆನ್ನಾಗಿ ಒರೆಸಿಕೊಂಡು ಹೋದರೆ ಎಷ್ಟೋ ವಾಸಿ.

ಪೊಲೀಸ್ ಪರಿಶೀಲನೆಯಲ್ಲಿ ಕೆಡಿಸುವವರು ಪೊಲೀಸರಲ್ಲ, ಪಕ್ಕದ ಮನೆಯ ಸತ್ಯವಂತರು. ಬೆಂಗಳೂರಿನಲ್ಲಿದ್ದುಕೊಂಡು ಸಿದ್ದಾಪುರದ ವಿಳಾಸ ಕೊಟ್ಟವನ ಬಗ್ಗೆ ವಿಚಾರಿಸಿದರೆ, “ಅಂವ ಇಲ್ಲೆಲ್ಲಿದ್ದ ಸಾಹೇಬ್ರೆ, ಬೆಂಗ್ಳೂರಲ್ಲಿದ್ದ. ಚೌತಿಗೆ ಬತ್ತ” ಎಂಬ ಉತ್ತರ. ಅಲ್ಲಿಗೆ ಪ್ರತಿಕೂಲ ವರದಿ. ಈಗ ವಾಸವಿರುವ ವಿಳಾಸವನ್ನೇ ಕೊಡಿ. ಅಪರಿಚಿತ ನಂಬರನ್ನೆಲ್ಲ ಸಾಲ ಕೊಡುವವರದ್ದೆಂದು ಕತ್ತರಿಸುವ ಚಾಳಿಗೂ ಕೆಲವು ದಿನ ರಜೆ ಕೊಡಿ, ಕರೆ ಮಾಡಿದ್ದು ಠಾಣೆಯವರಿರಬಹುದು.

ಪುಸ್ತಕ ಕೈಗೆ ಬಂತೆಂದು ಕಬ್ಬಿಣದ ಕಪಾಟಿನಲ್ಲಿ ಸೀರೆಯ ಅಡಿ ಬಚ್ಚಿಟ್ಟರೆ ಅಸಲಿ ಕಷ್ಟ ಶುರು. ಆಷಾಢದಲ್ಲಿ ಈ ಜಿಲ್ಲೆಯ ಗೋಡೆಗಳೇ ಬೆವರುತ್ತವೆ. ಪ್ಲಾಸ್ಟಿಕ್ ಕವರು ತೇವವನ್ನು ಒಳಗೇ ಹಿಡಿದಿಟ್ಟು ಬೂಷ್ಟನ್ನು ಸಾಕುತ್ತದೆ. ರಟ್ಟಿನ ಮೇಲೆ ಬೂದು ಚುಕ್ಕೆ, ಹೊಲಿಗೆಯ ಸಂದಿಯಲ್ಲಿ ಹಸಿರು. ಲ್ಯಾಮಿನೇಷನ್ ಮಾಡಿಸುವುದು ತಪ್ಪು. ಕಂಡ ಬಿಸಿಲಿಗೆಲ್ಲ ಹಪ್ಪಳದ ಪಕ್ಕ ಒಣಹಾಕಿದರೆ ರಟ್ಟು ಸೊಟ್ಟಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವಂಥ ಸಿಲಿಕಾ ಜೆಲ್ ಪೊಟ್ಟಣ ಎರಡು, ಇಷ್ಟು ಸಾಕು. ಡಬ್ಬಿಯನ್ನು ಮಳೆ ಹೊಯ್ಯುವಾಗ ಮಾತ್ರ ತೆರೆಯಬೇಡಿ. ಹೊಸ ಇ-ಪಾಸ್‌ಪೋರ್ಟಿನ ರಟ್ಟಿನೊಳಗೆ ಚಿಪ್ ಇರುವುದರಿಂದ ಜೆರಾಕ್ಸ್ ಅಂಗಡಿಯ ಸ್ಟೇಪ್ಲರು, ಪ್ಯಾಂಟಿನ ಹಿಂದಿನ ಕಿಸೆ ಎರಡರಿಂದಲೂ ದೂರವಿಡಿ. ಹಾಳಾಗಿಯೋ ಕಳೆದೋ ಹೋದದ್ದಕ್ಕೆ ಬದಲಿ ಪುಸ್ತಕದ ಶುಲ್ಕ 3,000, ಹೊಸದರ ಎರಡರಷ್ಟು. ಕಳೆದಿದ್ದರೆ ಪೊಲೀಸ್ ದೂರೂ ಬೇಕು.

ಸಿಂಗಾಪುರ, ಯುಎಇಯಂಥ ಕಡೆ ಹೋಗಲು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಹಾಕಬಹುದು. ಅಪ್ಪ ಅಮ್ಮನದು 10 ವರ್ಷ ಎಂಬ ಗುಂಗಿನಲ್ಲಿ, ಮಗುವಿನದು 5 ವರ್ಷಕ್ಕೇ ಮುಗಿದದ್ದು ಗೊತ್ತಾಗುವುದು ಟಿಕೆಟ್ ಮಾಡಿಸಿದ ಮೇಲೆ. ಅದೂ ರೀಫಂಡ್ ಇಲ್ಲದ ಟಿಕೆಟ್.