ಒಂದೇ ಮನೆ, ಎರಡು ಕಿಟಕಿ

"ಅಣ್ಣ, ನೀನು ಗ್ರೂಪಲ್ಲಿ ಏನೂ ಹಾಕಬೇಡ. ಅಲ್ಲಿ ಕೂತವನಿಗೆ ಇಲ್ಲಿಂದು ಏನು ಗೊತ್ತಾಗುತ್ತೆ?"

ತಮ್ಮ ಹೀಗಂದಾಗ ಚುರುಕ್ ಅಂತು. 2025ರ ಸೆಪ್ಟೆಂಬರ್ ಕೊನೆ ಅದು. ರಾಜ್ಯದಲ್ಲಿ ಜಾತಿ ಸಮೀಕ್ಷೆ ಶುರುವಾಗಿತ್ತು, ದಾವಣಗೆರೆಯ ನಮ್ಮ ಮನೆಗೆ ಇವತ್ತೋ ನಾಳೆಯೋ ಸಮೀಕ್ಷೆಯವರು ಬರುವುದಿತ್ತು. ಲಿಂಗಾಯತರಾದ ನಾವು ಧರ್ಮದ ಕಾಲಂನಲ್ಲಿ ಏನು ಬರೆಸಬೇಕು ಅಂತ ಮನೆಯವರ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ಜಗಳ. ನಾನು ಹಾಕಿದ್ದು ಒಂದೇ ಸಾಲು: ಅವರವರಿಗೆ ಸರಿ ಕಂಡದ್ದು ಅವರವರು ಬರೆಸಲಿ ಬಿಡಿ. ಅಷ್ಟಕ್ಕೇ ಎರಡೂ ಕಡೆಯಿಂದ ಬೈಸಿಕೊಂಡೆ.

ಜಗಳ ಹಳೆಯದು. 2018ರ ಮಾರ್ಚ್‌ನಲ್ಲಿ, ಚುನಾವಣೆಗೆ ಎರಡು ತಿಂಗಳೂ ಇಲ್ಲದಿರುವಾಗ, ಸಿದ್ದರಾಮಯ್ಯ ಸರ್ಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಎಂದು ಕೇಂದ್ರಕ್ಕೆ ಶಿಫಾರಸು ಮಾಡಿತಲ್ಲ, ಆಗ ಶುರುವಾದದ್ದು. ಅಪ್ಪ ಬೇಕು ಎಂದರು. ದೊಡ್ಡಪ್ಪ ವೀರಶೈವ ಬೇರೆ ಲಿಂಗಾಯತ ಬೇರೆ ಅನ್ನುವವರು ಮನೆ ಒಡೆಯುವವರು ಎಂದರು. ಇಬ್ಬರೂ ಒಂದೇ ದೇವರ ಜಗಲಿ ಮುಂದೆ ಕೂತು, ಒಂದೇ ಗಟ್ಟಿಯಿಂದ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿ ಬೆಳೆದವರು. ಆ ವರ್ಷದ ಬಸವ ಜಯಂತಿಗೆ ದೊಡ್ಡಪ್ಪ ಮನೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ನಾನಿರುವುದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಇಲ್ಲಿ 2014ರ ಸೆಪ್ಟೆಂಬರ್ 18ರಂದು ಜನರ ಮುಂದೆ ಒಂದು ಪ್ರಶ್ನೆ ಇಟ್ಟರು. ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕಾ, ಬೇಡವಾ? ಇಂಗ್ಲೆಂಡಿನ ಜೊತೆ ಮುನ್ನೂರು ವರ್ಷದಿಂದ ಕೂಡಿದ್ದ ದೇಶ ಒಡೆಯುವ ಮಾತು, ಕಾಲಂ ತುಂಬಿಸುವ ವಿಷಯ ಅಲ್ಲ. ನೂರಕ್ಕೆ 84ಕ್ಕಿಂತ ಜಾಸ್ತಿ ಜನ ಹೋಗಿ ಓಟು ಹಾಕಿದರು. ಹದಿನಾರು ವರ್ಷದ ಹುಡುಗರಿಗೂ ಓಟಿತ್ತು. ತಮಾಷೆ ಏನಂದ್ರೆ ನನಗೂ ಇತ್ತು. ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸ ಇದ್ದರೆ ಸಾಕು, ಓಟು ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇನ್ನೊಬ್ಬರ ದೇಶ ಒಡೆಯಬೇಕೋ ಬೇಡವೋ ಅಂತ ಗುರುತು ಹಾಕಿ ಬಂದೆ. ನೀನು ಹೊರಗಿನವನು, ನಿನಗೇನು ಗೊತ್ತು ಅಂತ ಒಬ್ಬರೂ ಅನ್ನಲಿಲ್ಲ. ದಾವಣಗೆರೆಯಲ್ಲಿ ಓಟು ಹಾಕಬೇಕು ಅಂದ್ರೆ ಮಾತ್ರ ವಿಮಾನ ಹತ್ತಿ ಅಲ್ಲಿಯ ಮತಗಟ್ಟೆಗೇ ಹೋಗಿ ನಿಲ್ಲಬೇಕು.

ನಮ್ಮ ಕೆಳಗಿನ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ರಸ್ತೆ ಕಡೆಯ ಕಿಟಕಿಗೆ ಆಯಮ್ಮ 'ಯೆಸ್' ಪೋಸ್ಟರ್ ಅಂಟಿಸಿದರು. ಮಾರನೇ ದಿನ ಪಕ್ಕದ ಕಿಟಕಿಯಲ್ಲಿ ಯಜಮಾನರ 'ನೋ ಥ್ಯಾಂಕ್ಸ್' ಬಂತು. ಅವರು ಗೋವನ್ ಹಡಗುಕಟ್ಟೆಯಲ್ಲಿ ದುಡಿದವರು. ದೇಶ ಬೇರೆಯಾದರೆ ನೌಕಾಪಡೆಯ ಹಡಗಿನ ಕೆಲಸ ಇಲ್ಲಿಗೆ ಬರಲ್ಲ, ಪಿಂಚಣಿ ಗತಿ ಏನು ಅನ್ನುವ ಭಯ ಅವರದು. ಆಯಮ್ಮನ ಸಿಟ್ಟೇ ಬೇರೆ. 2010ರಲ್ಲಿ ಸ್ಕಾಟ್ಲೆಂಡಿನ 59 ಸೀಟಲ್ಲಿ ಕನ್ಸರ್ವೇಟಿವ್ ಪಕ್ಷ ಗೆದ್ದದ್ದು ಒಂದೇ ಒಂದು, ಆದರೂ ಲಂಡನ್ನಿನಲ್ಲಿ ಕೂತು ಅವರೇ ನಮ್ಮನ್ನು ಆಳ್ತಾರಲ್ಲ ಅನ್ನೋರು. ಎರಡೂ ನ್ಯಾಯವಾದ ಮಾತೇ. ಮೆಟ್ಟಿಲಲ್ಲಿ ಸಿಕ್ಕಾಗ ಒಬ್ಬರ ಎದುರಿಗೇ ಇನ್ನೊಬ್ಬರು ವಾದ ಮಾಡೋರು, ಆಮೇಲೆ ಒಟ್ಟಿಗೆ ಸಾಮಾನು ತರಲು ಹೋಗೋರು. ನನ್ನ ಓಟು ಯಾವುದಕ್ಕೆ ಅಂತ ಇಬ್ಬರೂ ಕೇಳಲಿಲ್ಲ. ಇಲ್ಲೂ ಹೇಳಲ್ಲ ಬಿಡಿ.

ಬೇಡ ಅನ್ನುವವರು 55, ಬೇಕು ಅನ್ನುವವರು 45, ಹತ್ತಿರಹತ್ತಿರ ಹೀಗೆ ಬಂತು ಫಲಿತಾಂಶ. ಆದರೆ ನಮ್ಮ ಗ್ಲಾಸ್ಗೋ ಬೇಕು ಎಂದಿತ್ತು. ಯಜಮಾನರು ಗೆದ್ದರೂ ಅವತ್ತೇ ತಮ್ಮ ಪೋಸ್ಟರ್ ತೆಗೆದರು, ಆಯಮ್ಮನದು ಬಣ್ಣ ಹೋಗುವ ತನಕ ಇತ್ತು. ಮುಂದೆ ನಮ್ಮ ಮನೆಯಲ್ಲಿ ಜಗಳ ಹತ್ತಿದ ಮೇಲೆ ಅದನ್ನು ನೆನೆದಾಗೆಲ್ಲ ನನಗೆ ಅಪ್ಪ, ದೊಡ್ಡಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ಇವರಿಗೆ ಯಾಕೆ ಆಗಲ್ಲ? ನಮ್ಮಲ್ಲಿ ಯಾವ ಪಕ್ಷ, ಯಾವ ಮಠ ಅನ್ನೋದು ಗೊತ್ತಾದ ಕೂಡಲೇ ಮನುಷ್ಯನ ಲೆಕ್ಕ ಚುಕ್ತಾ. ಅವನ ಮನೆ ಮಂಡಕ್ಕಿ ಮೆಣಸಿನಕಾಯಿಯೂ ರುಚಿ ಕಳೆದುಕೊಳ್ಳುತ್ತದೆ. ನೂರು ವಚನ ಬಾಯಿಪಾಠ ಇರುವ ಮನೆಯಲ್ಲಿ "ಇವ ನಮ್ಮವ" ಅನ್ನೋದು ಗೋಡೆ ಮೇಲಿನ ಕ್ಯಾಲೆಂಡರಿಗೆ ಮಾತ್ರ.

ಇದನ್ನೆಲ್ಲ ಒಮ್ಮೆ ಇಲ್ಲಿಯ ಕನ್ನಡದ ಗೆಳೆಯನೊಬ್ಬನ ಹತ್ತಿರ ಹೇಳಿಕೊಂಡೆ. ಅವನು ನನಗಿಂತ ಮೊದಲು ಬಂದವನು. "ಒಂದು ಮೆಟ್ಟಿಲು ನೋಡಿ ಊರೆಲ್ಲ ನೋಡಿದೆ ಅಂತಿಯಾ?" ಅಂದ. ಫಲಿತಾಂಶ ಬಂದ ದಿನ ಸಂಜೆ ಜಾರ್ಜ್ ಚೌಕದಲ್ಲಿ ಎರಡೂ ಕಡೆಯವರು ಎದುರುಬದುರಾಗಿ ಗಲಾಟೆ ಆದದ್ದು, ಪೊಲೀಸರು ನಡುವೆ ನಿಂತದ್ದು ನನಗೂ ಗೊತ್ತಿತ್ತು. ಹೇಳಲು ಇಷ್ಟ ಇರಲಿಲ್ಲ, ಅಷ್ಟೇ. ಕೆಳಗಿನ ಮನೆಯವರ ದೊಡ್ಡ ಮಗ ಆ ಕ್ರಿಸ್‌ಮಸ್‌ಗೆ ಬಂದಿರಲಿಲ್ಲ. ಕೆಲಸ ಇರಬೇಕು ಅಂದುಕೊಂಡಿದ್ದೆ. ತಾಯಿ ಜೊತೆ ಮಾತು ಬಿಟ್ಟಿದ್ದಾನೆ ಅಂತ ತಿಳಿದದ್ದು ಬಹಳ ತಡವಾಗಿ, ಅದೂ ಬೇರೆಯವರಿಂದ. ಇಲ್ಲಿಯವರು ಇಂಥದನ್ನು ಹೇಳಿಕೊಳ್ಳುವುದಿಲ್ಲ. ನಮ್ಮದಾದರೆ ಬೀದಿಗೆಲ್ಲ ಗೊತ್ತು.

ಅಲ್ಲದೆ ಗ್ಲಾಸ್ಗೋದಲ್ಲಿ "ಯಾವ ಶಾಲೆಗೆ ಹೋಗಿದ್ದೆ?" ಅಂತ ಕೇಳಿದರೆ ಅದು ಓದಿನ ಪ್ರಶ್ನೆ ಅಲ್ಲ. ಕ್ಯಾಥೋಲಿಕರ ಶಾಲೆಗಳು ಬೇರೆ ಇವೆ, ಅವೂ ಸರ್ಕಾರದ ದುಡ್ಡಲ್ಲೇ ನಡೆಯುತ್ತವೆ. ಶಾಲೆ ಹೆಸರು ಹೇಳಿದರೆ ಯಾವ ಪೈಕಿ ಅಂತ ತಿಳಿಯುತ್ತದೆ, ಫುಟ್‌ಬಾಲ್ ತಂಡ ಹಸಿರು ಸೆಲ್ಟಿಕ್ಕೋ ನೀಲಿ ರೇಂಜರ್ಸೋ ಅನ್ನೋದೂ ಸುಮಾರಾಗಿ ಗೊತ್ತಾಗುತ್ತದೆ. ನನ್ನನ್ನೂ ಒಬ್ಬ ಕೇಳಿದ. ದಾವಣಗೆರೆಯ ಸರ್ಕಾರಿ ಶಾಲೆ ಅಂದೆ. ಪಾಪ, ಏನು ಮಾಡಬೇಕೋ ತಿಳಿಯದೆ ನಕ್ಕ.

ಹಾಗಂತ ಅಪ್ಪ, ದೊಡ್ಡಪ್ಪ ಮಾಡಿದ್ದು ಸರಿ ಅಂತ ನಾನು ಒಪ್ಪಲ್ಲ. ಆದರೆ ಅಪ್ಪನಿಗೆ ಸ್ಟೆಂಟ್ ಹಾಕಿದ ದಿನ ಆಸ್ಪತ್ರೆಯ ಹೊರಗೆ ದೊಡ್ಡಪ್ಪ ರಾತ್ರಿಯೆಲ್ಲ ಕೂತಿದ್ದರಂತೆ. ಒಳಗೆ ಮಾತ್ರ ಬರಲಿಲ್ಲ. ಅದನ್ನು ನನಗೆ ಹೇಳಿದವನೂ ತಮ್ಮನೇ, ಗ್ರೂಪಲ್ಲಿ ಹಾಕಬೇಡ ಎಂದ ಅದೇ ಫೋನಿನಲ್ಲಿ. ಬರುವ ಬೇಸಿಗೆಗೆ ತಂಗಿ ಮಗಳ ಮದುವೆ ಇದೆ. ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಮೊದಲು ಇರಲಿ, ಅಚ್ಚಿನ ದುಡ್ಡು ನಾನೇ ಕೊಡುತ್ತೇನೆ ಅಂದಿದ್ದೇನೆ. ಹೆಸರಿಗೆ ಅಪ್ಪ ಹೂಂ ಅಂದಿದ್ದಾರೆ. ಮೇಲೆ ಯಾವ ಸ್ವಾಮಿಗಳ ಫೋಟೋ ಹಾಕಬೇಕು ಅನ್ನೋದಕ್ಕೆ ಈಗ ತಕರಾರು.